ಪಂಚಮಿಗೆ ಒಂದು ಸ್ಟೀಮ್ ಓವನ್

"ಒಬ್ಬರೇ ಇರುವ ಮನೆಗೆ ಸ್ಟೀಮ್ ಓವನ್ ದಂಡ. ತೆಗೆದುಬಿಡೋಣವೇ?"

ಹ್ಯಾನೋವರ್‌ನ ಅಡುಗೆಮನೆ ವಿನ್ಯಾಸ ಮಾಡಿ ಕೂರಿಸಿಕೊಡುವ ಒಂದು ಕಿಚನ್ ಸ್ಟುಡಿಯೋದಲ್ಲಿ, ಹೊಳೆಯುವ ಓವನ್‌ಗಳ ಸಾಲಿನ ಮುಂದೆ ಕುಳಿತು, ಅಲ್ಲಿನ ವಿನ್ಯಾಸಗಾರ ಇದನ್ನು ಅಚ್ಚ ಜರ್ಮನ್‌ನಲ್ಲಿ ನಗುನಗುತ್ತಲೇ ಹೇಳಿದ. ಸೌಭಾಗ್ಯಳಿಗೆ ಮೈಯೆಲ್ಲ ಉರಿದುಹೋಯಿತು.

ಒಬ್ಬರೇ... ಒಬ್ಬರೇ... ಈ ಮಾತು ಕೇಳಿ ಕೇಳಿ ಕಿವಿ ತೂತು ಬಿದ್ದಿತ್ತು!

"ಇವನ ಬಾಯಾಗ ಮಣ್ಣ ಹಾಕ! ಕೇಳಿದ್ದು ತೋರ್ಸೂದು ಬಿಟ್ಟು ಬುದ್ಧಿ ಹೇಳ್ತಾನ," ಎಂದು ಗೊಣಗಿದಳು. ಕನ್ನಡದಲ್ಲಿ ಬೈದರೆ ಇಲ್ಲಿ ಯಾರಿಗೆ ತಿಳಿಯಬೇಕು ಎಂಬ ಧೈರ್ಯ.

ಅವನ ಕೈಯಲ್ಲಿದ್ದ ಪೆನ್ನು ತಟ್ಟನೆ ನಿಂತಿತು.

"ಮಣ್ಣು ಬೇಡ ಮೇಡಂ. ಈಗಷ್ಟೇ ಊಟ ಆಗಿದೆ."

ಅಪ್ಪಟ ಮೈಸೂರಿನ ಕನ್ನಡ!

ಬೇರೆ ಯಾರಾದರೂ ಆಗಿದ್ದರೆ ನಾಚಿ ನೀರಾಗುತ್ತಿದ್ದರು. ಸೌಭಾಗ್ಯ ಬಾಗಲಕೋಟೆಯವಳು. ಬೆನ್ನು ನೆಟ್ಟಗೆ ಮಾಡಿ ಕುಳಿತಳು.

"ತಿಳೀತಲ್ಲ? ಚಲೋ ಆತು. ಜರ್ಮನ್‌ದಾಗ ಹೇಳೂ ತ್ರಾಸ್ ತಪ್ಪಿತು. ಸ್ಟೀಮ್ ಓವನ್ ಬೇಕಂದ್ರ ಬೇಕು. ಬರಕೋರಿ."

"ಆಯ್ತು ಮೇಡಂ," ಎಂದ ಅವನು ನಗು ನುಂಗಿಕೊಂಡು. "ನಾನು ಶೈಲೇಶ. ಅಳತೆ ತಗೊಳ್ಳೋಕೆ ಮನೆಗೆ ನಾನೇ ಬರ್ತೀನಿ. ಬೈಗುಳ ಬಾಕಿ ಇದ್ರೆ ಆಗ ಬೈಬಹುದು."

ಟ್ರಾಮ್ ಹತ್ತಿದ ಮೇಲೂ ಅವಳ ಸಿಟ್ಟು ಇಳಿಯಲಿಲ್ಲ. ನಗು ಮಾತ್ರ ಒಂದೆರಡು ಸಲ ಕಳ್ಳನ ಹಾಗೆ ಬಂದುಹೋಯಿತು.

ಅವಳ ಹಟಕ್ಕೆ ಕಾರಣವಿತ್ತು.

ಅವಳ ಸೀಮೆಯ ಹೆಣ್ಣುಮಕ್ಕಳಿಗೆ ನಾಗರ ಪಂಚಮಿ ಎಂದರೆ ತವರಿನ ಹಬ್ಬ. ಅಣ್ಣ ಬಂದು ಕರೆಯಬೇಕು. ಜೋಕಾಲಿ ಜೀಕಬೇಕು. ಆ ದಿನ ಒಲೆಯ ಮೇಲೆ ಹಂಚು ಇಡುವಂತಿಲ್ಲ, ಎಣ್ಣೆಯಲ್ಲಿ ಕರಿಯುವಂತಿಲ್ಲ. ಆವಿಯಲ್ಲಿ ಬೆಂದ ಹೂರಣದ ಕಡಬೇ ಆಗಬೇಕು.

ಮದುವೆಯಾಗಿ ಜರ್ಮನಿಗೆ ಬಂದ ಮೇಲೂ ಅಣ್ಣ ಬಸವಪ್ರಸಾದ ಪ್ರತಿ ವರ್ಷ ತಪ್ಪದೆ ಕರೆಯುತ್ತಿದ್ದ. ಡಿವೋರ್ಸ್ ಆದ ವರ್ಷ ಮಾತ್ರ ಅವನ ದನಿ ಬದಲಾಯಿತು.

"ಈ ಸಲ ಬರಬ್ಯಾಡವಾ ತಂಗಿ. ಮಂದಿ ಏನೇನರ ಕೇಳ್ತಾರ..."

ಮರುವರ್ಷ ಫೋನೂ ಬರಲಿಲ್ಲ. ಸೌಭಾಗ್ಯ ದಿಂಬು ತೊಯ್ಯುವ ಹಾಗೆ ಅತ್ತಳು. ಅತ್ತು ಸಾಕಾದ ಮೇಲೆ ಎದ್ದು ಮುಖ ತೊಳೆದಳು. ಕರೆಯುವ ತವರಿಲ್ಲವೇ? ಸರಿ, ತನ್ನ ತವರನ್ನು ತಾನೇ ಕಟ್ಟಿಕೊಂಡರಾಯಿತು!

ಸಾಲ ಮಾಡಿ ಹಳೆಯ ಕಟ್ಟಡವೊಂದರಲ್ಲಿ ಫ್ಲ್ಯಾಟ್ ಕೊಂಡಳು. ಹ್ಯಾನೋವರ್‌ನಲ್ಲಿರುವ ಕನ್ನಡದ ಹೆಣ್ಣುಮಕ್ಕಳ ವಾಟ್ಸಾಪ್ ಗುಂಪಿನಲ್ಲಿ, "ಈ ಪಂಚಮಿಗೆ ಎಲ್ಲಾರೂ ನಮ್ಮ ಮನಿಗೆ ಬರ್ರಿ. ಕರಿಯಾಕಿ ನಾನs," ಎಂದು ಹಾಕಿಯೂ ಬಿಟ್ಟಳು. ಅಷ್ಟು ಜನಕ್ಕೆ ಬಿಸಿಬಿಸಿ ಕಡಬು ಒಟ್ಟಿಗೆ ಬೇಯಬೇಕಾದರೆ ಪುಟ್ಟ ಕುಕ್ಕರ್ ಯಾವ ಮೂಲೆಗೆ?

ಇಷ್ಟೆಲ್ಲ ಆ ಮೈಸೂರಿನವನಿಗೆ ಹೇಳುವ ಅಗತ್ಯ ಅವಳಿಗೆ ಕಾಣಲಿಲ್ಲ.

ಅಳತೆಗೆ ಬಂದ ಶೈಲೇಶ ಅವಳ ಕೈಯ ಜೋಳದ ರೊಟ್ಟಿ, ಶೇಂಗಾ ಚಟ್ನಿ ತಿಂದು ಬೆರಳು ನೆಕ್ಕಿದ. ವಾರ ಬಿಟ್ಟು, "ಈ ಗೋಡೆ ಇನ್ನೊಂದು ಸಲ ನೋಡ್ಬೇಕು," ಎನ್ನುತ್ತ ಮತ್ತೆ ಬಂದ. ವಾರದಲ್ಲಿ ಗೋಡೆ ಬೆಳೆಯುತ್ತದೆಯೇ! ಅವಳು ಕೇಳಲಿಲ್ಲ. ಎರಡು ರೊಟ್ಟಿ ಹೆಚ್ಚಿಗೆ ಬಡಿದಳು.

'ಒಳ್ಳೇಂವ ಅದಾನ...' ಎಂದು ಮನಸ್ಸು ಮೆತ್ತಗಾಗುತ್ತಿರುವಾಗಲೇ ಅಡುಗೆಮನೆಯ ಪ್ಲಾನ್ ಬಂತು.

ಸ್ಟೀಮ್ ಓವನ್ ಇರಬೇಕಾದ ಜಾಗದಲ್ಲಿ ಒಂದು ಬೀರು!

ಸೌಭಾಗ್ಯ ಕೋಟಿನ ಗುಂಡಿಯನ್ನೂ ಹಾಕದೆ ಸ್ಟುಡಿಯೋಗೆ ಓಡಿದಳು.

"ನಿಮ್ಮ ಕಣ್ಣಿಗೂ ನಾ ಒಬ್ಬಾಕಿ, ಹೌದಲ್ರಿ? ಒಬ್ಬಾಕಿಗೆ ಇಷ್ಟs ಸಾಕು ಅಂತ ನೀವs ಅಳದು ಕೊಟ್ರಿ!"

"ಹಾಗಲ್ಲ ಸೌಭಾಗ್ಯ ಅವರೇ... ಒಬ್ಬರಿಗೆ ಇಡ್ಲಿ ಮಾಡೋಕೆ ಅಷ್ಟು ದೊಡ್ಡದು ಯಾಕೆ ಅಂತ... ಎರಡೂ ಪ್ಲಾನ್ ತೋರಿಸೋಣ ಅಂದ್ಕೊಂಡಿದ್ದೆ..."

"ಇಡ್ಲಿ? ಇಡ್ಲಿ ಅಂತ ನಾ ಹೇಳೀನೇನು?"

ತಡೆಯಲು ನೋಡಿದಳು, ಆಗಲಿಲ್ಲ. ಪಂಚಮಿ, ಜೋಕಾಲಿ, ಹಂಚು ಇಡದ ಒಲೆ, ಅಣ್ಣನ ಮಾತು... ಎಲ್ಲ ಹೊರಬಂತು. ಕಣ್ಣು ತುಂಬಿದರೂ ದನಿ ಮಾತ್ರ ಬಾಗಲಿಲ್ಲ.

"ಆ ಓವನ್ ನನ್ನ ಒಬ್ಬಾಕಿ ಹೊಟ್ಟಿಗೆ ಅಲ್ರಿ. ಕರಿಯಾಂವ ಇಲ್ಲದ ಹೆಣ್ಮಕ್ಕಳು ನನ್ನ ಮನಿಗೆ ಬರ್ತಾರ. ಅವರಿಗೆ!"

ಶೈಲೇಶನ ಮುಖದ ನಗು ಎಲ್ಲೋ ಹೋಗಿತ್ತು.

"ಮನೇಲಿ ಎಷ್ಟು ಜನ ಅಂತಷ್ಟೇ ನೋಡಿದೆ. ಏನಕ್ಕೆ ಬೇಕು ಅಂತ ಕೇಳ್ಲೇ ಇಲ್ಲ. ತಪ್ಪು ನಂದು," ಎಂದ ತಲೆ ತಗ್ಗಿಸಿ. ಪ್ಲಾನ್ ಮಡಚಿಡುತ್ತ ಮತ್ತೆ ಹೇಳಿದ. "ನಮ್ಮನೇಲೂ ಒಂದಿದೆ. ಮದುವೆ ಗೊತ್ತಾದಾಗ ಆ ಹುಡುಗೀನೇ ಆಸೆಪಟ್ಟು ಆರಿಸಿದ್ದು. ಮದುವೆ ಮುರೀತು, ಓವನ್ ಉಳೀತು. ಒಂದು ದಿನಾನೂ ಹಚ್ಚಿಲ್ಲ. ಬ್ರೆಡ್ ಇಡ್ತೀನಿ ಅದರಲ್ಲಿ. ಖಾಲಿ ಓವನ್ ನೋಡ್ಕೊಂಡು ಇನ್ಯಾರೂ ಕೂರೋದು ಬೇಡ ಅಂತ... ನನ್ನ ಹಣೆಬರಹಾನ ನಿಮ್ಮ ಪ್ಲಾನ್ ಮೇಲೆ ಬರೆದುಬಿಟ್ಟೆ."

ಅವಳ ಸಿಟ್ಟು ಅರ್ಧದಲ್ಲೇ ನಿಂತಿತು.

"ಬ್ರೆಡ್?" ಎಂದಳು. "ಅಂಥಾ ಓವನ್‌ದಾಗ ಬ್ರೆಡ್?"

"ಭಾನುವಾರ ಬನ್ನಿ. ಅದರಲ್ಲೇ ಕಡಬು ಮಾಡಿ ನೋಡಿ. ಚೆನ್ನಾಗಿ ಬಂದ್ರೆ ಹಾಕ್ಸೋಣ, ಇಲ್ದಿದ್ರೆ ನೀವೇ ತೀರ್ಮಾನ ಮಾಡಿ."

ಭಾನುವಾರ ಮಧ್ಯಾಹ್ನ ಬೇಳೆ, ಬೆಲ್ಲ, ಏಲಕ್ಕಿ ಹೊತ್ತು ಅವಳು ಅವನ ಮನೆಗೆ ಹೋದಳು. ಓವನ್‌ನಿಂದ ಬ್ರೆಡ್ ಹೊರಬಿತ್ತು. ಅವನು ನೀರಿನ ಟ್ಯಾಂಕ್ ತುಂಬಿಸಿದ. ಅವಳು ತೂತಿನ ಟ್ರೇಗಳಲ್ಲಿ ಒದ್ದೆ ಬಟ್ಟೆ ಹಾಸಿ ಕಡಬು ಜೋಡಿಸಿದಳು. ಅವನ ಕಡಬುಗಳು ಮಾತ್ರ ಬಾಯಿ ಬಿಟ್ಟುಕೊಂಡು ಕುಳಿತಿದ್ದವು.

"ಅಂಚು ಒತ್ರಿ. ಹೂರಣ ಹೊರಗ ಇಣಕಿ ನೋಡಾಕ ಹತ್ತೇತಿ!"

ಬಾಗಿಲು ತೆರೆದಾಗ ಆವಿ ನುಗ್ಗಿ ಅವನ ಕನ್ನಡಕ ಮಂಜಾಯಿತು. ಒಂದೂ ಅಂಟಿರಲಿಲ್ಲ, ಒಂದೂ ಒಡೆದಿರಲಿಲ್ಲ. ಎಲ್ಲ ಟ್ರೇಗಳೂ ಒಟ್ಟಿಗೆ ಬೆಂದಿದ್ದವು! ಅವನು ಕಡಬು ಮುರಿದು ತುಪ್ಪ ಹಾಕಿ ಬಾಯಿಗಿಟ್ಟುಕೊಂಡ. ಕನ್ನಡಕ ಒರೆಸಿಕೊಂಡ, ಆಮೇಲೆ ಕಣ್ಣನ್ನೂ ಒರೆಸಿಕೊಂಡ.

"ಈ ಮನೇಲಿ ಇಂಥ ಘಮ ಬಂದೇ ಇರ್ಲಿಲ್ಲ," ಎಂದ. "ಓವನ್ ಬೇಕೇ ಬೇಕು. ಸೋತೆ ನಾನು. ಆದ್ರೆ ಇಲ್ಲಿ ನೀರು ಗಡುಸು, ಓವನ್ ಒಳಗೆ ಸುಣ್ಣ ಕಟ್ಟುತ್ತೆ, ಆಗಾಗ ತೆಗೀತಿರಬೇಕು."

"ತಗೀತೀನಿ. ಕೆಲಸಕ್ಕ ಅಂಜಾಕಿ ಅಲ್ಲ ನಾ."

ಆ ಮೇಲೆ ಅವನು ಇನ್ನೊಮ್ಮೆ ಅಳತೆಗೆ ಬಂದ. ಈ ಸಲ ಹಾಲ್‌ನಲ್ಲಿ ತಲೆ ಎತ್ತಿ ಚಾವಣಿಯನ್ನೇ ನೋಡುತ್ತಿದ್ದ. ಏನು ಎಂದು ಕೇಳಿದರೆ, "ಸುಮ್ನೆ," ಎಂದ.

ಪಂಚಮಿಗೆ ಮುಂಚೆಯೇ ಸ್ಟೀಮ್ ಓವನ್ ಸಮೇತ ಹೊಸ ಅಡುಗೆಮನೆ ಸಿದ್ಧವಾಯಿತು. ಹಬ್ಬದ ಬೆಳಿಗ್ಗೆ ಅವ್ವ ಅನ್ನಪೂರ್ಣವ್ವನ ಫೋನ್ ಬಂತು.

"ಅಣ್ಣ ಈ ಸಲನೂ ಕರೀಲಿಲ್ಲಲ್ಲವಾ..."

"ಕರಿಯಾಂವ ಕರೀಲಿಲ್ಲಂತ ಹಬ್ಬ ನಿಲ್ಲೂದಿಲ್ಲವ್ವ. ಮುಂದಿನ ಪಂಚಮಿಗೆ ನೀನs ಬಾ. ನಾ ಕರೀತೀನಿ ನಿನ್ನ!"

ಆ ಕಡೆ ಅವ್ವ ಅಳುತ್ತ ನಕ್ಕಳು.

ಬಾಗಿಲು ಬಡಿದ ಸದ್ದು. ಶೈಲೇಶ ನಿಂತಿದ್ದ. ಒಂದು ಕೈಯಲ್ಲಿ ಡ್ರಿಲ್, ಇನ್ನೊಂದರಲ್ಲಿ ಹಗ್ಗ, ಬಗಲಲ್ಲಿ ಹಲಗೆ.

"ಹಳೇ ಕಟ್ಟಡ. ಚಾವಣಿಯ ತೊಲೆ ಗಟ್ಟಿ ಇದೆ, ಅವತ್ತೇ ನೋಡಿದ್ದೆ," ಎಂದ. "ಜೋಕಾಲಿ ಇಲ್ದೆ ಎಂಥ ಪಂಚಮಿ?"

ಸೌಭಾಗ್ಯ ಬಾಗಿಲು ಪೂರ್ತಿ ತೆರೆದು ಪಕ್ಕಕ್ಕೆ ಸರಿದಳು. ಎಷ್ಟು ಬೈದಿದ್ದಳು ಈ ಮನುಷ್ಯನನ್ನು!

ಮಧ್ಯಾಹ್ನ ಮನೆ ತುಂಬ ಹೆಣ್ಣುಮಕ್ಕಳು. ಹೊಸ ಓವನ್ ಟ್ರೇಗಟ್ಟಲೆ ಕಡಬು ಹೆತ್ತು ಹೆತ್ತು ಕೊಟ್ಟಿತು. ಸಿದ್ದಕ್ಕ ಎಂಬ ಹಿರಿಯಾಕೆ ಜೋಕಾಲಿ ಏರಿ, "ಊರು ಬಿಟ್ಟ ಮ್ಯಾಲ ಜೋಕಾಲಿ ಏರಿದ್ದು ಇವತ್ತs ನೋಡವಾ," ಎಂದು ಕಣ್ಣೀರು ಹಾಕಿದರು.

ಸಂಜೆಯ ಬಿಸಿಲು ಇನ್ನೂ ಇರುವಾಗಲೇ ಎಲ್ಲರೂ ಹೊರಟರು. ಟ್ರೇ ತೊಳೆಯುತ್ತಿದ್ದ ಶೈಲೇಶನನ್ನು ಅವಳು ಕರೆದಳು. ತಾನು ಜೋಕಾಲಿಯ ಮೇಲೆ ಕುಳಿತೇ ಇದ್ದಳು.

"ಒಂದ್ ಮಾತ ಹೇಳ್ತೀನಿ, ನಡುವ ಬಾಯಿ ಹಾಕಬ್ಯಾಡ್ರಿ. ನನಗ ನೀವು ಸೇರೀರಿ. ಖರೇನ ಸೇರೀರಿ. ಆದ್ರ ಈ ಮನಿ ಬಿಟ್ಟು ನಿಮ್ಮ ಮನಿಗೆ ನಾ ಬರೂದಿಲ್ಲ. ಇದು ನನ್ನ ತವರು."

ಹೇಳಿಬಿಟ್ಟಳು! ಜೋಕಾಲಿಯ ಹಗ್ಗವನ್ನು ಬಿಗಿಯಾಗಿ ಹಿಡಿದುಕೊಂಡಳು. ಆದರೂ ನೋಟ ಕೆಳಗಿಳಿಸಲಿಲ್ಲ.

ಅವನು ಒದ್ದೆ ಕೈ ಒರೆಸಿಕೊಂಡು ಬಂದು ಜೋಕಾಲಿಯ ಹಗ್ಗ ಹಿಡಿದ.

"ನನ್ನ ಓವನ್ ಮಾರೋಕೆ ಹಾಕಿ ವಾರ ಆಯ್ತು ಸೌಭಾಗ್ಯ. ಒಂದೇ ಮನೆಗೆ ಎರಡು ಸ್ಟೀಮ್ ಓವನ್ ದಂಡ."

"ಅಂದ್ರ..."

"ನೀವು ಕರೆದ್ರೆ ನಾನೇ ಇಲ್ಲಿಗೆ ಬರ್ತೀನಿ ಅಂತ. ಎಷ್ಟೊಂದು ಜನಾನ ಕರೆದ್ರಿ. ನನ್ನೂ ಕರೀರಿ."

ಬೆಳಗಿನಿಂದ ತಡೆದಿದ್ದ ಕಣ್ಣೀರು ಈಗ ಇಳಿಯಿತು. ಅವಳು ಒರೆಸಿಕೊಳ್ಳಲಿಲ್ಲ.

"ಬರ್ರಿ," ಎಂದಳು. "ಆದ್ರ ಮಂದಿ ನಿಮಗ ಮನಿ ಅಳಿಯ ಅಂತಾರ."

"ಅನ್ನಲಿ! ಅವರ ಬಾಯಾಗ ಮಣ್ಣ ಹಾಕ," ಎಂದ ಶೈಲೇಶ, ಅವಳದೇ ಧಾಟಿಯಲ್ಲಿ.

ಅವಳು ಅಳುತ್ತಲೇ ನಕ್ಕುಬಿಟ್ಟಳು.

"ಹಬ್ಬದ ದಿನ ಮಣ್ಣ ಬ್ಯಾಡ. ಕಡಬು ಉಳದಾವು, ಅದನ್ನs ಹಾಕೂಣು."

"ಮೊದಲು ನನ್ನ ಬಾಯಿಗೆ," ಎಂದು ಅವನು ಬಾಯಿ ತೆರೆದ.