ಹಸಿರು ಕೋಟಿನ ಟಪಾಲಕ್ಕ

ಸೆಪ್ಟೆಂಬರ್ 27, ಶನಿವಾರ. ಬೆಳಿಗ್ಗೆ 11.20ಕ್ಕೆ ಬಿಬವೇವಾಡಿಯ ಮಂದಾರ ಎಂಬ ಮೂವತ್ನಾಲ್ಕು ವರ್ಷದವನು ಠಾಣೆಗೆ ಬಂದು ತನ್ನ ಗೊಂಬೆ ಕಳುವಾಗಿದೆ ಎಂದು ದೂರು ಹೇಳಿದ. ಹವಾಲ್ದಾರ ಏಕನಾಥ ಮೊದಲು ಮಗುವಿನ ಹೆಸರು ಕೇಳಿದ. ಮಗುವಿಲ್ಲ, ಮದುವೆಯೂ ಆಗಿಲ್ಲ, ಗೊಂಬೆ ತನ್ನದೇ ಎಂದ ಮಂದಾರ. ಏಕನಾಥ ಪೆನ್ನಿಗೆ ಕ್ಯಾಪು ಹಾಕಿ ಸಬ್ ಇನ್‌ಸ್ಪೆಕ್ಟರ್ ಅಂಬಾರಾಯರ ಟೇಬಲ್ಲಿನ ಕಡೆ ಕೈ ತೋರಿಸಿದ.

ಅಂಬಾರಾಯ ಅಕ್ಕಲಕೋಟೆ ತಾಲೂಕಿನವರು. ಮನೆಮಾತು ಕನ್ನಡ, ನೌಕರಿಯ ಮಾತು ಮರಾಠಿ. ನವರಾತ್ರಿಯ ಬಂದೋಬಸ್ತಿನಲ್ಲಿ ಐದು ದಿನದಿಂದ ನೆಟ್ಟಗೆ ಕೂತು ಉಂಡಿರಲಿಲ್ಲ. ಎದುರಿಗೆ ಕೂತವನು ಫೋನಿನಲ್ಲಿ ಹೆಬ್ಬೆರಳಿನಷ್ಟು ಎತ್ತರದ ಪ್ಲಾಸ್ಟಿಕ್ ಹೆಂಗಸೊಬ್ಬಳ ಫೋಟೋ ತೋರಿಸಿದ. ಮೈಮೇಲೆ ಹಸಿರು ಕೋಟು, ಹೆಗಲಿಗೆ ಟಪಾಲು ಚೀಲ.

ಗೊತ್ತಿಲ್ಲದವರಿಗೆ ಹೇಳಬೇಕು. ‘ಬಾದಲ್ ಮೊಹಲ್ಲಾ’ ಎಂಬುದು ಟಿವಿಯಲ್ಲಿ ಬರುವ ಕಾರ್ಟೂನು. ಮೋಡದ ಮೇಲೊಂದು ಓಣಿ, ಅಲ್ಲಿಯ ಜನರ ಕತೆ. ಆ ಓಣಿಯಲ್ಲಿ ಕಾಗದ ಹಂಚುವವಳು ಠುಮರಿ. ಈ ಪಾತ್ರಗಳ ಪುಟ್ಟ ಗೊಂಬೆಗಳನ್ನು ಮುಚ್ಚಿದ ಪೊಟ್ಟಣದಲ್ಲಿ ಮಾರುತ್ತಾರೆ. ಒಳಗೆ ಯಾರಿದ್ದಾರೆ ಎಂಬುದು ಹರಿದ ಮೇಲೆಯೇ ಗೊತ್ತಾಗುವುದು. ಠುಮರಿಯ ಕೋಟು ನೀಲಿ. ಕಾರ್ಖಾನೆಯ ತಪ್ಪಿನಿಂದ ಮೊದಲ ಕಂತಿನ ಕೆಲವಕ್ಕೆ ಹಸಿರು ಬಣ್ಣ ಬಿದ್ದಿತ್ತು. ತಪ್ಪಾದದ್ದಕ್ಕೇ ಬೆಲೆ ಜಾಸ್ತಿ, ಇದೇ ಸಂಗ್ರಾಹಕರ ಲೋಕ.

“ಅಂದಾಜು ಬೆಲೆ?”

“ಒಂದು ಲಕ್ಷ ನಲವತ್ತು ಸಾವಿರ.”

ಏಕನಾಥನಿಗೆ ಕೆಮ್ಮು ಬಂತು. ಅಂಬಾರಾಯರಿಗೆ ನಗು ಬರಲಿಲ್ಲ. ಲಕ್ಷ ದಾಟಿದ ಮೇಲೆ ಅದು ಗೊಂಬೆಯಲ್ಲ, ಮಾಲು. ಭಾರತೀಯ ನ್ಯಾಯ ಸಂಹಿತೆಯ 305ನೇ ಕಲಮಿನಡಿ, ವಾಸದ ಮನೆಯೊಳಗಿನ ಕಳವು ಎಂದು 12.05ಕ್ಕೆ ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ ಸ್ಥಳ ಪಂಚನಾಮೆ. ಮೂರನೆಯ ಮಹಡಿಯ ಮನೆ, ಹಜಾರದಲ್ಲಿ ಗಾಜಿನ ಕಪಾಟು, ಅದರಲ್ಲಿ ಮುನ್ನೂರಕ್ಕೂ ಹೆಚ್ಚು ಗೊಂಬೆಗಳು. ಬೀಗದ ಕೈ ಬೀಗದಲ್ಲೇ ನೇತಾಡುತ್ತಿತ್ತು. ಹಿಂದಿನ ದಿನ, ಶುಕ್ರವಾರ ಸಂಜೆ ಐದರಿಂದ ಏಳೂವರೆಯವರೆಗೆ, ಮಂದಾರನ ತಾಯಿ ನರ್ಮದಾಬಾಯಿ ಅರಿಶಿನ ಕುಂಕುಮಕ್ಕೆ ಹೆಂಗಸರನ್ನು ಕರೆದಿದ್ದರು. ಆರೂಕಾಲಿಗೆ ಎಲ್ಲರೂ ದೇವಿಯ ಆರತಿಗೆ ಒಳಕೋಣೆಗೆ ಹೋಗಿದ್ದಾಗ ಹಜಾರ ಹತ್ತು ನಿಮಿಷ ಖಾಲಿ ಇತ್ತು. ಬೆರಳಚ್ಚು ಸಿಗಲಿಲ್ಲ. ಹಬ್ಬದ ಮನೆಯೆಂದು ನರ್ಮದಾಬಾಯಿ ಶನಿವಾರ ಬೆಳಿಗ್ಗೆಯೇ ಗಾಜು ಒರೆಸಿದ್ದರು. ಗೇಟಿನ ಕ್ಯಾಮರಾದಲ್ಲಿ ಹೊರಗಿನವರು ಯಾರೂ ಬಂದದ್ದು ಕಾಣಲಿಲ್ಲ. ಬಂದವರೆಲ್ಲ ಅದೇ ಕಟ್ಟಡದವರು.

ನರ್ಮದಾಬಾಯಿ ಹನ್ನೊಂದು ಹೆಸರು ಬರೆಸಿದರು. ಭಾನುವಾರ ಇಡೀ ದಿನ ಮಹಿಳಾ ಪೇದೆ ನೀಲಿಮಾಳನ್ನು ಕರೆದುಕೊಂಡು ಅಂಬಾರಾಯ ಹನ್ನೊಂದು ಮನೆಯ ಬಾಗಿಲು ತಟ್ಟಿದರು. ಹನ್ನೊಂದು ಮನೆಯಲ್ಲೂ ಚಹಾ ಕೊಟ್ಟರು. ಹನ್ನೊಂದು ಮಂದಿಯೂ ತಾವು ಆರತಿಯಲ್ಲಿ ಇದ್ದೆವು ಎಂದರು, ಪಕ್ಕದಲ್ಲಿ ಯಾರು ನಿಂತಿದ್ದರು ಎಂದೂ ಹೇಳಿದರು. ಒಬ್ಬರ ಮಾತು ಇನ್ನೊಬ್ಬರ ಮಾತಿಗೆ ಸರಿಯಾಗಿ ಕೂಡಿತು. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಟ್ಟು ಗುಬ್ಬಿಯೂ ಸಿಗದಿದ್ದರೆ ಆಗುವ ನಾಚಿಕೆ ಅಂಬಾರಾಯರಿಗೆ ಆಯಿತು.

ಸೋಮವಾರ ಬೆಳಿಗ್ಗೆ ತಿಂಡಿ ತಿನ್ನುವಾಗ ಊರಿನಿಂದ ಅವರ ತಾಯಿಯ ಫೋನ್ ಬಂತು. ಅಣ್ಣನ ಮನೆಯಲ್ಲೂ ಹಬ್ಬ. ಎಲ್ಲಿದ್ದೀ ಎಂದು ಕೇಳಿದರೆ ಅಡಿಗೆಮನೆಯಲ್ಲಿ ಎಂದಳು. ಗಂಡ ಸತ್ತಾಗಿನಿಂದ ಹದಿನಾರು ವರ್ಷ, ಹಬ್ಬ ಬಂದರೆ ಅವಳು ಅಡಿಗೆಮನೆಯಲ್ಲೇ ಇರುತ್ತಾಳೆ. ಅಂಬಾರಾಯ ಅರ್ಧ ತಟ್ಟೆ ಬಿಟ್ಟು ಎದ್ದರು.

10.30ಕ್ಕೆ ಅವರು ನರ್ಮದಾಬಾಯಿಯ ಎದುರು ಕೂತಿದ್ದರು.

“ನೀವು ಕುಂಕುಮ ಕೊಟ್ಟವರ ಹೆಸರು ಬರೆಸಿದ್ದೀರಿ.”

“ಹೌದು. ಕರೆದದ್ದೇ ಅವರನ್ನು.”

“ಕುಂಕುಮ ಕೊಡದವರು ಯಾರಿದ್ದರು?”

ನರ್ಮದಾಬಾಯಿ ಸೆರಗು ಸರಿ ಮಾಡಿಕೊಂಡರು. “ಮೊದಲ ಮಹಡಿಯ ಶಿವಬಸವ್ವ ಅಡಿಗೆಮನೆಯಲ್ಲಿ ಇದ್ದರು. ಕಡಲೆ ಉಸಳಿ ಮಾಡಲು ನಾನೇ ಕರೆದಿದ್ದೆ. ಅವರನ್ನು ಲೆಕ್ಕಕ್ಕೆ ಹಿಡಿಯುವುದು ಹೊಳೆಯಲೇ ಇಲ್ಲ, ಸಾಹೇಬ್.”

ಆ ಮಾತು ಸುಳ್ಳಲ್ಲ. ಅಂಬಾರಾಯರಿಗೆ ಅದೇ ಹೆಚ್ಚು ಕೆಟ್ಟದೆನಿಸಿತು.

ಶಿವಬಸವ್ವ ಗೋಕಾಕದ ಕಡೆಯವರು, ವಯಸ್ಸು ಅರವತ್ತೇಳು. ಮಗ ಶಿವಪ್ರಕಾಶ ಮಾರ್ಕೆಟ್ ಯಾರ್ಡಿನ ದಲಾಲಿ ಅಂಗಡಿಯಲ್ಲಿ ಗುಮಾಸ್ತ. ಮನೆಯಲ್ಲಿ ಇವರಿಬ್ಬರೇ. ಸೊಸೆ ಸಪ್ನಾ ಎಂಟು ತಿಂಗಳಿನಿಂದ ದೇಹೂ ರೋಡಿನ ಅಣ್ಣನ ಮನೆಯಲ್ಲಿ ಇದ್ದಾಳೆ ಎಂದು ನೆರೆಯವರು ಹೇಳಿದರು. ಯಾಕೆಂದು ಹೇಳುವಾಗ ದನಿ ತಗ್ಗಿಸಿದರು. ಜನವರಿಯ ಮೊದಲ ವಾರ ಸಪ್ನಾಳ ಆರು ವರ್ಷದ ಮಗಳು ಅನುಜಾ ಜ್ವರದಿಂದ ತೀರಿಕೊಂಡಿದ್ದಳು.

ಸಂಜೆ 4 ಗಂಟೆಗೆ ಇಬ್ಬರು ಪಂಚ ಸಾಕ್ಷಿಗಳ ಮುಂದೆ ಮನೆಯ ಝಡತಿ, ಅಂದರೆ ಶೋಧ. ಹೊಸ ಕಾನೂನಿನಂತೆ ಪೂರ್ತಿ ವಿಡಿಯೋ ಮಾಡಬೇಕು, ಅದನ್ನು ಏಕನಾಥ ಮಾಡಿದ. ಕಪಾಟು, ಹಾಸಿಗೆ, ಅಕ್ಕಿ ಡಬ್ಬಿ, ಹಳೆಯ ಟ್ರಂಕು ಎಲ್ಲ ನೋಡಿದರು. ಮುದುಕಿ ತಡೆಯಲಿಲ್ಲ, ಅಳಲಿಲ್ಲ, ಯಾಕೆ ಎಂದೂ ಕೇಳಲಿಲ್ಲ. 5.10ಕ್ಕೆ ‘ಏನೂ ಸಿಕ್ಕಿಲ್ಲ’ ಎಂದು ಪಂಚನಾಮೆ ಮುಗಿಯಿತು.

ಮಂಗಳವಾರ ಬೆಳಿಗ್ಗೆ 9 ಗಂಟೆಗೆ ಅಂಬಾರಾಯ ಆ ವಿಡಿಯೋ ಹಾಕಿ ಕೂತರು. ಎಪ್ಪತ್ತು ನಿಮಿಷದ ವಿಡಿಯೋ. ನಲವತ್ತೆರಡನೆಯ ನಿಮಿಷಕ್ಕೆ ಕ್ಯಾಮರಾ ದೇವರ ಜಗಲಿಯ ಮುಂದೆ ಬಂತು. ಅಲ್ಲಿ ಚಿತ್ರ ಒಮ್ಮೆ ಕೆಳಗೆ ಬಾಗಿ ಮತ್ತೆ ಮೇಲೆದ್ದಿತು. ಏಕನಾಥ ಫೋನ್ ಹಿಡಿದುಕೊಂಡೇ ಕೈಮುಗಿದಿದ್ದ. ಇಬ್ಬರು ಪಂಚರೂ ಮುಗಿದರು. ಅಂಬಾರಾಯ ತಾವೂ ಕಣ್ಣುಮುಚ್ಚಿ ಎದೆ ಮುಟ್ಟಿಕೊಂಡದ್ದನ್ನು ನೋಡಿದರು. ಆಮೇಲೆ ಎಲ್ಲರೂ ಪಕ್ಕದ ಕೋಣೆಗೆ ನಡೆದರು. ನಾಲ್ಕು ಜನ ಸೇರಿ ಅಕ್ಕಿ ಡಬ್ಬಿಗೆ ಕೈ ಹಾಕಿದ್ದರು, ಜಗಲಿಗೆ ಹಾಕಿರಲಿಲ್ಲ.

“ಏಕನಾಥ, ಗಾಡಿ ತೆಗೆ,” ಎಂದರು.

10.40ಕ್ಕೆ ಮತ್ತೆ ಅದೇ ಮನೆ, ಅದೇ ಪಂಚರು, ನೀಲಿಮಾ ಜೊತೆಗೆ. ಅಂಬಾರಾಯ ಬೂಟು ಬಿಚ್ಚಿ ಕಾಲು ತೊಳೆದು ಬಂದರು.

“ಯವ್ವಾ, ಜಗಲಿ ನೋಡಬೇಕಾಗೇದ.”

ಕನ್ನಡ ಕೇಳಿ ಮುದುಕಿ ಮೊದಲ ಸಲ ಅವರ ಮುಖ ನೋಡಿದರು. “ನೀವು ಎಲ್ಲಿಯವ್ರಿ?”

“ಅಕ್ಕಲಕೋಟಿ ಕಡೆ.”

“ದೇವರನ್ನ ನೀವು ಮುಟ್ಟಬ್ಯಾಡ್ರಿ. ನಾನ ತಗದ ಕೊಡ್ತೀನಿ.”

ಹಿತ್ತಾಳೆಯ ಯಲ್ಲಮ್ಮನ ಹಿಂದೆ ಕೈ ಹಾಕಿ ತೆಗೆದರು. ಹಸಿರು ಕೋಟಿನ ಮೇಲೆ ರವಿಕೆ ಖಣದ ಚೂರು ಸುತ್ತಿತ್ತು, ಹಣೆಗೆ ವಿಭೂತಿ ಹಚ್ಚಿತ್ತು. ತಲೆಯ ಮೇಲೆ ಸೇವಂತಿಗೆಯ ಒಂದೇ ಎಸಳು. ಏಕನಾಥ ವಿಡಿಯೋ ಮಾಡುತ್ತಲೇ ಇದ್ದ. ಒಬ್ಬ ಪಂಚ ಮುಖ ತಿರುಗಿಸಿ ನಿಂತ.

“ಯಾಕ ತಗೊಂಡ್ರಿ?”

“ನಮ್ಮ ಕೂಸಿಂದ್ರಿ ಅದು.”

“ಹೇಳ್ರಿ.”

“ಏನ ಹೇಳೂದು. ಅನುಜಾ ಅದಕ್ಕ ಟಪಾಲಕ್ಕ ಅಂತಿದ್ಲು. ದವಾಖಾನ್ಯಾಗ ಎಂಟ ದಿನ ಕೈಯಾಗ ಹಿಡಕೊಂಡಿದ್ಲು, ಕಡೀಕ ಕೈ ಬಿಡಿಸಿ ತಗೀಬೇಕಾತು. ಸತ್ತ ಕೂಸಿನ ಆಟಗಿ ಸಾಮಾನು ಮನ್ಯಾಗ ಇರಬಾರದು ಅಂತ ನಾನ ಹಟ ಹಿಡದೆ. ಸೊಸಿ ಮಲಗಿದ್ಲು. ಡಬ್ಬಿ ಸಮೇತ ಒಯ್ದು ರದ್ದಿ ಅಂಗಡ್ಯಾಗ ಇಟ್ಟು ಬಂದೆ. ರೊಕ್ಕ ಸುದ್ಧಾ ಇಸಗೊಂಡಿಲ್ಲ. ಅಕಿ ಎದ್ದು ಹುಡುಕಿದ್ಲು. ನಾ ಹೇಳಿದೆ. ಅವತ್ತಿನಿಂದ ನನ್ನ ಕೂಡ ಒಂದ ಮಾತು ಆಡಿಲ್ಲ. ಒಂದ ತಿಂಗಳ ಇದ್ಲು, ಆಮ್ಯಾಲ ಹೋದ್ಲು.”

“ಇದು ಮಂದಾರನ ಹತ್ರ ಅದ ಅಂತ ಹೆಂಗ ಗೊತ್ತಾತು?”

“ಗಣಪತಿ ಮುಂದ ಆ ಹುಡುಗ ತನ್ನ ಗೊಂಬಿ ಎಲ್ಲಾ ಹಚ್ಚಿದ್ದ. ಎಲ್ಲಾರ ಟಪಾಲಕ್ಕಂದು ನೀಲಿ ಕೋಟು. ಹಸರ ಇದ್ದದ್ದು ನಮ್ಮ ಕೂಸಿಂದ ಒಂದ. ಅವ ರದ್ದಿ ಅಂಗಡಿ ಸುತ್ತತಾನು, ಎಲ್ಲಾರಿಗೂ ಗೊತ್ತದ. ಕೊಡ್ತಿ ಏನಪಾ ಅಂತ ಎರಡ ಸಲ ಕೇಳಿದೆ. ಕೊಡೂದಲ್ಲ ಅಜ್ಜಿ ಅಂದ.”

“ನಿಮ್ಮ ಮೊಮ್ಮಗಳದು ಅಂತ ಹೇಳಿದ್ರ ಕೊಡತಿದ್ನೋ ಏನೋ.”

“ಹೆಂಗ ಹೇಳ್ಲಿ? ನಾನ ಒಗದು ಬಂದೇನಿ ಅಂತ ಯಾವ ಬಾಯಿಲೆ ಹೇಳ್ಲಿ?” ಜಗಲಿಯ ದೀಪ ಸರಿಸಿ ಇಟ್ಟು ಹೇಳಿದರು. “ದಸರಾಕ್ಕ ಸಪ್ನಾನ್ನ ಕರೀಬೇಕಂತಿದ್ದೆ. ಇದನ್ನ ಅಕಿ ಕೈಯಾಗ ಇಟ್ಟ ಮ್ಯಾಲ ಏನ ಮಾಡ್ತಾಳೋ ಮಾಡ್ಲಿ. ಬೈದ್ರೂ ಬೈಲಿ.”

ದಸರಾಕ್ಕೆ ಎರಡೇ ದಿನ ಉಳಿದಿತ್ತು.

ಖಣ, ಎಸಳು ಸಮೇತ ಗೊಂಬೆಯನ್ನು ಜಪ್ತಿ ಮಾಡಿ ಪಾಕೀಟಿಗೆ ಅರಗಿನ ಮುದ್ರೆ ಒತ್ತಿದರು. ಹಿರಿಯ ಇನ್‌ಸ್ಪೆಕ್ಟರು ಫೋನಿನಲ್ಲಿ ಒಂದೇ ಮಾತು ಹೇಳಿದರು: ಮಾಲು ಸಿಕ್ಕಿದೆ, ಒಪ್ಪಿಕೊಂಡಿದ್ದಾರೆ, ಜಾಮೀನು ಸಿಗದ ಕಲಮು, ನ್ಯಾಯಾಲಯದ ಮುಂದೆ ನಿಲ್ಲಿಸಿ. 12.15ಕ್ಕೆ ನೀಲಿಮಾ ಶಿವಬಸವ್ವರನ್ನು ದಸ್ತಗಿರಿ ಮಾಡಿದಳು. ಮೆಮೋದ ಮೇಲೆ ಮಗ ಶಿವಪ್ರಕಾಶ ಸಹಿ ಹಾಕಿದ. ಅಕ್ಷರ ಸಾಲು ಬಿಟ್ಟು ಕೆಳಗಿಳಿಯಿತು.

2.30ಕ್ಕೆ ಮಂದಾರ ಠಾಣೆಗೆ ಬಂದ. ವಿಷಯ ಅಷ್ಟರಲ್ಲಿ ಕಟ್ಟಡದ ತುಂಬ ಹರಡಿತ್ತು. ಅವನ ಮುಖ ಬಿಳಿಚಿತ್ತು.

“ದೂರು ವಾಪಸ್ ತಗೊಳ್ತೀನಿ, ಸರ್.”

“ಈ ಕಲಮಿನಲ್ಲಿ ಹಾಗೆ ಬರುವುದಿಲ್ಲ. ಹೈಕೋರ್ಟಿಗೆ ಹೋಗಬೇಕು.”

“ಅಜ್ಜಿ ಒಂದು ಮಾತು ಹೇಳಿದ್ದರೆ...”

ಯಾರಿಗೂ ಬೇಡವಾದ ಕೇಸು ಈಗ ತನ್ನ ಕಾಲಿನ ಮೇಲೆ ತಾನೇ ನಡೆಯತೊಡಗಿತ್ತು.

3.10ಕ್ಕೆ ದೇಹೂ ರೋಡಿನಿಂದ ಸಪ್ನಾ ಬಂದಳು. ಗೊಂಬೆ ಮಗಳದೇ ಎಂದು ಅವಳ ಹೇಳಿಕೆ ಸಿಕ್ಕರೆ ನ್ಯಾಯಾಧೀಶರಿಗೆ ಕನಿಕರ ಬಂದೀತು ಎಂದು ಅಂಬಾರಾಯರೇ ಕರೆಸಿದ್ದರು. ಅತ್ತೆ ಹೊರಗೆ ಬೆಂಚಿನ ಮೇಲೆ ನೀಲಿಮಾಳ ಪಕ್ಕದಲ್ಲಿ ಕೂತಿದ್ದರು. ಸಪ್ನಾ ಅತ್ತ ನೋಡದೆ ಒಳಗೆ ಬಂದಳು. ಪಂಚರ ಮುಂದೆ ಪಾಕೀಟು ಒಡೆದು ಗೊಂಬೆಯನ್ನು ಅವಳ ಕೈಗೆ ಕೊಟ್ಟರು.

ಅವಳು ಖಣ ಸರಿಸಿದಳು. ಗೊಂಬೆಯನ್ನು ತಲೆಕೆಳಗು ಮಾಡಿ ಎಡಗಾಲಿನ ಅಡಿ ನೋಡಿದಳು. ಬಲಗಾಲೂ ನೋಡಿದಳು. ಕಿಟಕಿಯ ಬೆಳಕಿಗೆ ಹೋಗಿ ಮತ್ತೊಮ್ಮೆ ನೋಡಿದಳು.

“ಇದು ಅಕಿದಲ್ರಿ,” ಎಂದಳು.

“ಸರಿಯಾಗಿ ನೋಡ್ರಿ.”

“ಸೂಜಿ ಕಾಸಿ ಕಾಲಿನ ಅಡಿ ಚುಕ್ಕಿ ಇಟ್ಟಿದ್ದೆ. ಕೆಳಗ ಆಡುವಾಗ ಹುಡುಗರ ಗೊಂಬಿ ಅದಲಬದಲ ಆಗಿ ಅಳತಿದ್ಲು. ಇದಕ್ಕ ಚುಕ್ಕಿ ಇಲ್ಲ.”

ಅಂಬಾರಾಯ ಮಂದಾರನ ಕಡೆ ತಿರುಗಿ ಮರಾಠಿಯಲ್ಲಿ ಕೇಳಿದರು. ಹಸಿರು ಠುಮರಿ ತನ್ನ ಬಳಿ ಎರಡಿದ್ದವು, ಇದು ಪೊಟ್ಟಣದಿಂದ ತೆಗೆದದ್ದು, ರದ್ದಿ ಅಂಗಡಿಯಲ್ಲಿ ಸಿಕ್ಕದ್ದರ ಕಾಲಿಗೆ ಸುಟ್ಟ ಕಲೆ ಇತ್ತು ಎಂದ ಮಂದಾರ. ಕಲೆ ಇದ್ದದ್ದನ್ನು ಯಾರು ಇಟ್ಟುಕೊಳ್ಳುತ್ತಾರೆ. ಜೂನಿನಲ್ಲೇ ಬೇರೆ ಗೊಂಬೆಗೆ ಬದಲಾಗಿ ಆನ್‌ಲೈನಿನ ಯಾರಿಗೋ ಕೊಟ್ಟಿದ್ದ. ವಿಳಾಸ ಈಗ ಇಲ್ಲ, ಆ ಖಾತೆಯೂ ಮುಚ್ಚಿದೆ.

ಸಪ್ನಾ ಗೊಂಬೆಯನ್ನು ಮೇಜಿನ ಮೇಲೆ ಇಟ್ಟಳು. ಖಣವನ್ನು ಮೊದಲಿನಂತೆ ಸುತ್ತಿದಳು. ಅವಳು ಅಳಲಿಲ್ಲ. ಅಳುವುದೆಲ್ಲ ಜನವರಿಯಲ್ಲೇ ಮುಗಿದಿರಬೇಕು.

3.50ಕ್ಕೆ ನ್ಯಾಯಾಲಯಕ್ಕೆ ಹೊರಡುವ ಗಾಡಿ ಬಂತು. ಸಪ್ನಾ ಹೊರಗೆ ಬಂದಾಗ ಶಿವಬಸವ್ವ ಬೆಂಚಿನಿಂದ ಎದ್ದು ನಿಂತರು. ಹತ್ತಿರ ಬರುವ ಧೈರ್ಯ ಸಾಲದೆ ಅಲ್ಲಿಂದಲೇ ಕೇಳಿದರು.

“ಸಪ್ನಾ, ಕೂಸಿಂದ ಹೌದಲ್ಲವಾ ಅದು?”

ಎಂಟು ತಿಂಗಳ ಮೇಲೆ ಸೊಸೆ ಅತ್ತೆಯ ಮುಖ ನೋಡಿದಳು. ಅಂಬಾರಾಯ ಬಾಗಿಲಲ್ಲಿ ನಿಂತಿದ್ದರು.

“ಹೌದ್ರಿ ಅತ್ತ್ಯಾರ. ನಮ್ಮ ಅನುಜಾಂದ ಅದು.”

ಮುದುಕಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಆಮೇಲೆ ನೀಲಿಮಾಳ ತೋಳು ಹಿಡಿದು ಗಾಡಿ ಹತ್ತಿದರು. ಹತ್ತುವಾಗ ಅವರ ಮುಖದಲ್ಲಿ ಇದ್ದ ಸಮಾಧಾನವನ್ನು ಅಂಬಾರಾಯರಿಗೆ ನೋಡಲಾಗಲಿಲ್ಲ. ಸಪ್ನಾ ಗಾಡಿ ಹೋಗುವವರೆಗೂ ನಿಂತಿದ್ದಳು, ನಂತರ ಒಳಗೆ ಬಂದು ಹೇಳಿಕೆಗೆ ಕೂತಳು.

“ಎಲ್ಲಾ ಬರೀತೀರೇನ್ರಿ?”

“ಬರೀಬೇಕಾಗ್ತದವಾ. ಮಂದಾರ ಆಗಲೇ ಬರೆಸ್ಯಾನ. ಎರಡೂ ಹೇಳಿಕಿ ಒಂದಕ್ಕೊಂದು ಕೂಡಬೇಕು.”

“ಅತ್ತ್ಯಾರಿಗೆ ಗೊತ್ತಾಗ್ತದ?”

ದೋಷಾರೋಪ ಪಟ್ಟಿಯ ಪ್ರತಿಯನ್ನು ಆರೋಪಿಗೆ ಕೊಡಲೇಬೇಕು. ಸಾಕ್ಷಿಗಳ ಹೇಳಿಕೆಗಳೆಲ್ಲ ಅದರಲ್ಲಿ ಇರುತ್ತವೆ. ಆರೋಪಿಗೆ ಓದಲು ಬಾರದಿದ್ದರೆ ಅವರ ಭಾಷೆಯಲ್ಲಿ ಯಾರಾದರೂ ಓದಿ ಹೇಳಬೇಕು. ಅದಕ್ಕೆ ಹೆಚ್ಚೆಂದರೆ ಅರವತ್ತು ದಿನ. ಇಷ್ಟನ್ನೂ ಅಂಬಾರಾಯ ಅವಳಿಗೆ ಹೇಳಿದರು. ಠಾಣೆಯಲ್ಲಿ ಕನ್ನಡ ಬಲ್ಲವರು ತಾವೊಬ್ಬರೇ, ಓದಿ ಹೇಳುವ ಕೆಲಸವೂ ತಮಗೇ ಬರುತ್ತದೆ ಎಂಬುದನ್ನು ಹೇಳಲಿಲ್ಲ.

ಸಪ್ನಾ ತಲೆಯಾಡಿಸಿದಳು. ಅಂಬಾರಾಯ ತಾರೀಕು ಬರೆದರು, ಸಮಯ 4.05 ಎಂದು ಬರೆದರು. ಆಮೇಲೆ ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಂಡರು.