ಪುಸ್ತಕದಲ್ಲಿಲ್ಲದ ನಾಯಿ

“ಕಪ್ಪು ಕಾಗದ ಅಂದ್ರೆ ಕಪ್ಪು ಕಾಗದ ಮಿಸ್! ಮೇಲೆ ಹಾರೋ ವಿಮಾನಕ್ಕೆ ಬೆಳಕು ಕಾಣ್ಬಾರ್ದು ಅಂತ ಕಿಟಕಿಗೆ ಅಂಟಿಸ್ತಾರೆ. ಅಷ್ಟೇ!”

ಹೀಗೆ ಹೇಳಿ ಲಾಯರ್ ಎದೆ ಉಬ್ಬಿಸಿ ನಿಂತಳು. ಕ್ಲಾಸಿನವರು ಅವಳಿಗೆ ಸುಮ್ಮನೆ ಆ ಹೆಸರಿಟ್ಟಿರಲಿಲ್ಲ. ಬಾಯಿ ತೆರೆದರೆ ವಾದ, ವಾದದಲ್ಲಿ ಗೆದ್ದರೆ ಇನ್ನೊಂದು ವಾದ.

ಮಿಸ್ ಮುಖ ಸಣ್ಣಗೆ ಮಾಡಿದರು. “ಅಷ್ಟೇನಾ? ಇನ್ನೂ ಆಳಕ್ಕೆ ಹೋಗಮ್ಮ. ಅದು ಸಿಂಬಲ್. ಕಾಗದದ ಹಿಂದೆ ಏನೋ ಇದೆ.”

“ಹಿಂದೆ ಕಿಟಕಿ ಇದೆ,” ಎಂದು ಲಾಯರ್ ಗೊಣಗುತ್ತಾ ಕೂತಳು.

ಈ ಸಿಂಬಲ್ ಕಾಟ ಶುರುವಾದದ್ದು ಒಂದು ಕಾದಂಬರಿಯಿಂದ. ಯುದ್ಧದ ಕಾಲ, ಒಂದು ಹಾಸ್ಟೆಲು, ಅಲ್ಲಿ ಓದುವ ಇಬ್ಬರು ಗೆಳೆಯರು. ಒಬ್ಬನನ್ನು ಕಂಡರೆ ಎಲ್ಲರಿಗೂ ಇಷ್ಟ. ಇನ್ನೊಬ್ಬನಿಗೆ ಅದೇ ಹೊಟ್ಟೆಕಿಚ್ಚು. ಒಂದು ರಾತ್ರಿ ಅವನು ಗೆಳೆಯನ ಮಂಚದ ಪಕ್ಕದ ಕಿಟಕಿಯ ಕಾಗದವನ್ನು ಹರಿದುಬಿಡುತ್ತಾನೆ. ಒಳಗಿನ ದೀಪದ ಬೆಳಕು ಹೊರಗೆ ಬೀಳುತ್ತದೆ. ತಪ್ಪೆಲ್ಲ ಗೆಳೆಯನ ತಲೆಗೆ ಬಂದು, ಅವನನ್ನು ಹಾಸ್ಟೆಲಿನಿಂದ ಓಡಿಸುತ್ತಾರೆ.

“ಥೂ! ಹುಡುಗರ ಬುದ್ಧಿಯೇ ಇಷ್ಟು,” ಅಂದಿದ್ದಳು ಲಾಯರ್, ಪುಸ್ತಕ ಮುಗಿಸಿದ ದಿನ. “ಫ್ರೆಂಡ್‌ಗೆ ಯಾರಾದ್ರೂ ಹೀಗೆ ಮಾಡ್ತಾರಾ?”

ಶನಿವಾರ ಆ ಕಾದಂಬರಿ ಬರೆದವರೇ ಶಾಲೆಗೆ ಬರುವವರಿದ್ದರು. ಒಳ್ಳೆಯ ಸಿಂಬಲ್ ಹುಡುಕಿದವರು ಸ್ಟೇಜ್ ಮೇಲೆ ಅವರ ಜೊತೆ ಮಾತಾಡಬಹುದು ಎಂದು ಮಿಸ್ ಹೇಳಿದ್ದೇ ತಡ, ಕ್ಲಾಸಿಗೆ ಕ್ಲಾಸೇ ಹುಚ್ಚಾಯಿತು. ಹಾಸ್ಟೆಲಿನ ಗಂಟೆ ಅಂದರೆ ಸಾವಂತೆ. ಚಮಚ ಅಂದರೆ ಹಸಿವಂತೆ. ಅಂಗಿಯಿಂದ ಕಿತ್ತುಹೋದ ಗುಂಡಿ ಅಂದರೆ ಒಂಟಿತನವಂತೆ. ಪಾಪ ಆ ಗುಂಡಿ, ಅದಕ್ಕೇನು ಗೊತ್ತು!

ಇವತ್ತು ಕಪ್ಪು ಕಾಗದದ ಸರದಿ; ಲಾಯರ್ ಗೊಣಗಿ ಕೂತ ಮೇಲೆ ಅವಳ ಪಕ್ಕದಲ್ಲಿದ್ದ ಏಣಿ ನಿಧಾನವಾಗಿ ಎದ್ದಳು. ಕ್ಲಾಸಿಗೆಲ್ಲ ಎತ್ತರದವಳು, ಲಾಯರಿನ ಜೀವದ ಗೆಳತಿ. “ಮಿಸ್, ನಮಗೆ ಭಯ ಆದಾಗ ಕಣ್ಣು ಮುಚ್ಕೊಳ್ತೀವಲ್ಲ? ಆ ಹಾಸ್ಟೆಲೂ ಕಣ್ಣು ಮುಚ್ಕೊಂಡಿದೆ ಅನ್ಸತ್ತೆ.”

“ವಾಹ್!” ಅಂದರು ಮಿಸ್. ಚಪ್ಪಾಳೆ ಬಿತ್ತು.

ಲಾಯರಿನ ಹೊಟ್ಟೆಯಲ್ಲಿ ಬೆಂಕಿಯೂ ಬಿತ್ತು. ಇವಳು ಓದಿರುವುದು ಅರ್ಧ ಪುಸ್ತಕ! ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಆಮೆಯ ಹಾಗೆ ಓದುವವಳಿಗೆ ವಾಹ್, ಎರಡೇ ದಿನದಲ್ಲಿ ಪೂರ್ತಿ ಓದಿದವಳಿಗೆ ‘ಆಳಕ್ಕೆ ಹೋಗಮ್ಮ’.

ಸಂಜೆ ಮನೆಗೆ ಹೋಗುವಾಗ ಏಣಿ ಕೇಳಿದಳು, “ನಾಳೆ ಸೆಲೆಕ್ಷನ್ ಕಣೇ. ಉಳಿದರ್ಧ ನನ್ಕೈಲಿ ಓದಿ ಮುಗ್ಸೋಕಾಗಲ್ಲ. ಅದ್ರಲ್ಲಿ ಏನಾದ್ರೂ ಸಿಂಬಲ್ ಇದ್ರೆ ಹೇಳೇ.”

ಲಾಯರ್ ಬ್ಯಾಗನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಿಸಿದಳು.

“ಮೂರು ಕಾಲಿನ ನಾಯಿ,” ಅಂದಳು ಆಮೇಲೆ. “ಹಾಸ್ಟೆಲ್ ಅಂಗಳದಲ್ಲಿ ಇರತ್ತೆ. ಅದ್ರ ಬಗ್ಗೆ ಹೇಳು.”

ಕಾದಂಬರಿಯಲ್ಲಿ ಮೂರು ಕಾಲಿನದೂ ಇಲ್ಲ, ನಾಲ್ಕು ಕಾಲಿನದೂ ಇಲ್ಲ. ನಾಯಿಯ ಬಾಲವೂ ಇಲ್ಲ. ಲಾಯರ್ ಕಾಗೆ ಹಾರಿಸಿದ್ದಳು. ನಾಳೆ ಕ್ಲಾಸೆಲ್ಲ ಬಿದ್ದು ಬಿದ್ದು ನಗಲಿ, ಆಗ ಗೊತ್ತಾಗುತ್ತದೆ ಯಾರು ಓದಿದ್ದಾರೆ ಅಂತ!

ಮರುದಿನ ಏಣಿ ಎದ್ದು ನಿಂತಳು. “ಮಿಸ್, ಅಂಗಳದಲ್ಲಿ ಮೂರು ಕಾಲಿನ ನಾಯಿ ಇದೆಯಲ್ಲ, ಅದೇ ಯುದ್ಧದಲ್ಲಿ ನೊಂದ ಊರು. ಕಾಲು ಹೋದ್ರೂ ಬಾಲ ಅಲ್ಲಾಡಿಸ್ತಾ ಇರತ್ತೆ.”

ಲಾಯರ್ ನಗಲು ಸಿದ್ಧವಾಗಿ ಬಾಯಿಗೆ ಕೈ ಅಡ್ಡ ಹಿಡಿದಳು. ಯಾರೂ ನಗಲಿಲ್ಲ.

“ವಾಹ್! ಆ ನಾಯಿ!” ಮಿಸ್ ಬೋರ್ಡಿನ ಮೇಲೆ ದೊಡ್ಡದಾಗಿ ‘ನಾಯಿ’ ಎಂದು ಬರೆದರು. “ನೋಡಿ, ನಿಮ್ಮಲ್ಲಿ ಒಬ್ಬರ ಕಣ್ಣಿಗೂ ಬೀಳಲಿಲ್ಲ!”

ಬೀಳೋಕೆ ಇದ್ದರೆ ತಾನೇ! ಮಿಸ್ ಪುಸ್ತಕ ಓದಿದ್ದರೋ, ಗೈಡ್ ಓದಿದ್ದರೋ, ದೇವರೇ ಬಲ್ಲ.

“ಆ ನಾಯಿ ಬಗ್ಗೆ ಓದೋವಾಗ ನಂಗೆ ಅಳು ಬಂತು ಮಿಸ್,” ಅಂದಳು ಮೊದಲ ಬೆಂಚಿನ ಜಾಣೆ. ಕಂದು ಬಣ್ಣದ ನಾಯಿ ಎಂದು ಒಬ್ಬ ಹೇಳಿದ. ಅಲ್ಲ, ಕಪ್ಪು ಎಂದು ಇನ್ನೊಬ್ಬ ಜಗಳಕ್ಕೇ ನಿಂತ. ಎಂಥ ಪಂಡಿತರು! ಓದದವರೆಲ್ಲ ಸೇರಿ ಇಲ್ಲದ ನಾಯಿಗೆ ಬಣ್ಣ ಬಳಿದರು.

ಏಣಿ ಸೆಲೆಕ್ಟ್ ಆದಳು.

ಲಾಯರ್ ಆಗಲೇ ಎದ್ದು ‘ನಾಯಿ ಇಲ್ಲ’ ಅನ್ನಬಹುದಿತ್ತು. ಆದರೆ ಅದನ್ನು ಕ್ಲಾಸಿನೊಳಗೆ ಬಿಟ್ಟವರು ಯಾರು ಅಂತ ಕೇಳಿದರೆ? ಓದದೆ ಮಾತಾಡಿದ್ದು ಅವಳ ತಪ್ಪು, ನನ್ನದೇನು, ಎಂದು ಒಳಗೊಳಗೇ ಹೇಳಿಕೊಂಡಳು. ಎಷ್ಟು ಸಲ ಹೇಳಿಕೊಂಡರೂ ಕೇಸು ಗೆಲ್ಲುವಂತೆ ಕಾಣಲಿಲ್ಲ. ಕಾದಂಬರಿ ಬರೆದವರಿಗೆ ಅದರಲ್ಲಿ ನಾಯಿ ಇಲ್ಲವೆಂದು ಗೊತ್ತಿರುವುದಿಲ್ಲವೇ? ಎಲ್ಲರ ಮುಂದೆ ಏಣಿಯ ಗತಿ ಏನಾಗಬೇಕು?

ಶನಿವಾರ ಬಂದೇಬಿಟ್ಟಿತು. ಹಾಲ್‌ನಲ್ಲಿ ಕುರ್ಚಿಗಳೆಲ್ಲ ತುಂಬಿದ್ದವು. ಹಿಂದಿನ ಸಾಲಿನಲ್ಲಿ ಏಣಿಯ ಅಮ್ಮ ಕೂತಿದ್ದರು. ಅವರು ನರ್ಸು. ರಾತ್ರಿ ಡ್ಯೂಟಿ ಮುಗಿಸಿ, ಯೂನಿಫಾರ್ಮ್‌ನಲ್ಲೇ ನೇರ ಬಂದಿದ್ದರು. ಕಣ್ಣು ಎಳೆಯುತ್ತಿದ್ದರೂ ಮುಖದ ತುಂಬ ನಗು. ಅದನ್ನು ನೋಡಿದ ಮೇಲೆ ಲಾಯರಿಗೆ ಕೂತಿರಲು ಆಗಲಿಲ್ಲ. ಅವಳು ಸ್ಟೇಜಿನ ಪಕ್ಕದ ಕಾರಿಡಾರಿಗೆ ಓಡಿದಳು.

ಏಣಿ ಅಲ್ಲಿ ಪುಸ್ತಕ ತಿರುವುತ್ತಾ ನಿಂತಿದ್ದಳು. ಕಣ್ಣು ಕೆಂಪಾಗಿದ್ದವು.

“ಅಬ್ಬ, ಬಂದ್ಯಾ! ಯಾವ ಪುಟ ಕಣೇ?” ಅಂದಳು ಪುಸ್ತಕ ಚಾಚಿ. “ನಾಯಿ ಎಲ್ಲಿದೆ ತೋರ್ಸೇ. ದಿನಾ ರಾತ್ರಿ ನಿದ್ದೆಗೆಟ್ಟು ಪೂರ್ತಿ ಓದಿದೆ. ಸಿಗ್ಲಿಲ್ಲ. ನಾನೇ ಎಲ್ಲೋ ಬಿಟ್ಟೆ ಅಂತ ಮತ್ತೆ ಓದಿದೆ. ನೀನು ಹೇಳಿದ್ಮೇಲೆ ಇರ್ಲೇಬೇಕಲ್ವಾ?”

ಲಾಯರ್ ಪುಸ್ತಕವನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿದಳು.

“ಇಲ್ಲ,” ಅಂದಳು. “ನಾಯಿ ಇಲ್ಲ. ನಾನೇ ಸುಳ್ಳು ಹೇಳ್ದೆ.”

“ಯಾಕೆ?”

“ಎಲ್ರೂ ನಿಂಗೇ ವಾಹ್ ಅಂದ್ರಲ್ಲ. ಅದಕ್ಕೆ.”

ಬಾಯಿಂದ ಹೊರಗೆ ಬಂದಮೇಲೆ ಅದು ಎಷ್ಟು ಕ್ಷುಲ್ಲಕವಾಗಿ ಕೇಳಿಸಿತು! ಲಾಯರಿಗೆ ತನ್ನ ಮೇಲೇ ಅಸಹ್ಯವಾಯಿತು. “ಮಿಸ್‌ಗೆ ನಾನೇ ಹೇಳ್ತೀನಿ ಕಣೇ, ನೀನು ಹೋಗ್ಬೇಡ—”

ಅಷ್ಟರಲ್ಲಿ ಮೈಕಿನಲ್ಲಿ ಏಣಿಯನ್ನು ಕರೆದರು. ಏಣಿ ಬೈಯಲಿಲ್ಲ, ಅಳಲಿಲ್ಲ. ಪುಸ್ತಕವನ್ನು ಎದೆಗೆ ಒತ್ತಿಕೊಂಡು ಮೆಟ್ಟಿಲು ಹತ್ತಿದಳು. ಲಾಯರ್ ಕಾಲೆಳೆಯುತ್ತಾ ಬಂದು ಸಿಕ್ಕ ಕುರ್ಚಿಯಲ್ಲಿ ಕೂತಳು.

“ಸರ್,” ಏಣಿ ಮೈಕಿನ ಮುಂದೆ ಬಗ್ಗಿದಳು. “ನಿಮ್ಮ ಕಾದಂಬರೀಲಿ ಒಂದು ನಾಯಿ ಇದೆ ಅಂತ ಕ್ಲಾಸಲ್ಲಿ ಹೇಳಿದ್ದೆ. ಅದು ಇಲ್ಲ. ಆವಾಗ ನಾನು ಪೂರ್ತಿ ಓದಿರ್ಲಿಲ್ಲ.”

ಮಿಸ್ ಸೀರೆಯ ಸೆರಗು ಸರಿಮಾಡಿಕೊಂಡರು. ನಾಯಿಗಾಗಿ ಅತ್ತಿದ್ದ ಜಾಣೆ ನೆಲ ನೋಡಿದಳು.

“ನಾಯಿ ಹುಡುಕ್ತಾ ಇನ್ನೊಂದು ಸಿಕ್ತು ಸರ್. ಅದನ್ನ ಕೇಳ್ಬೇಕು. ಕಾಗದ ಹರಿಯೋಕೆ ಮುಂಚೆ ಆ ಹುಡುಗ ಗೆಳೆಯನ ಹೊದಿಕೆ ಸರಿಮಾಡ್ತಾನೆ. ಕಾಲು ಹೊರಗೆ ಬಂದಿತ್ತು ಅಂತ. ಒಂದೇ ಸಾಲು ಇದೆ. ಅಷ್ಟು ಹೊಟ್ಟೆಕಿಚ್ಚಿದ್ರೆ ಹೊದಿಕೆ ಯಾಕೆ ಹೊದಿಸ್ದ? ಅಷ್ಟು ಇಷ್ಟ ಇದ್ರೆ ಕಾಗದ ಯಾಕೆ ಹರಿದ?”

ಕಾದಂಬರಿ ಬರೆದವರು ಕನ್ನಡಕ ತೆಗೆದು ಅವಳನ್ನೇ ನೋಡಿದರು. “ಬರೆದೋನು ನಾನೇ. ಆದ್ರೂ ಅದಕ್ಕೆ ಉತ್ತರ ನಂಗೆ ಇನ್ನೂ ಸರಿಯಾಗಿ ಗೊತ್ತಿಲ್ಲಮ್ಮ,” ಅಂದರು. ಆಮೇಲೆ ಹಾಲ್ ಕಡೆ ತಿರುಗಿದರು. “ನಿಮ್ಮಲ್ಲಿ ಯಾರಿಗಾದ್ರೂ ಗೊತ್ತಾ ಮಕ್ಳೇ?”

ಕೈಗಳು ಮೇಲೆದ್ದವು. “ಹೊದಿಕೆ ಅಂದ್ರೆ ಶಾಂತಿ ಸರ್!” “ಕಾಲು ಅಂದ್ರೆ ಸ್ವಾತಂತ್ರ್ಯ ಸರ್!” ಮತ್ತೆ ಶುರು!

ಆ ಸಾಲನ್ನು ಲಾಯರ್ ಕೂಡ ಓದಿದ್ದಳು, ಓದಿ ಮುಂದಕ್ಕೆ ಓಡಿದ್ದಳು. ಈಗ ಆ ಹುಡುಗ ಯಾಕೆ ಹಾಗೆ ಮಾಡಿದ ಅಂತ ಅವಳಿಗೆ ಗೊತ್ತಿತ್ತು. ಆ ಹಾಲ್‌ನಲ್ಲಿ ಬೇರೆ ಯಾರಿಗೂ ಗೊತ್ತಿಲ್ಲದಷ್ಟು ಚೆನ್ನಾಗಿ ಗೊತ್ತಿತ್ತು.

ಸ್ಟೇಜಿನ ಮೇಲಿಂದ ಏಣಿ ಅವಳನ್ನೇ ನೋಡುತ್ತಿದ್ದಳು. ಲಾಯರ್ ಕೈ ಎತ್ತಲಿಲ್ಲ. ಕಣ್ಣು ಮಾತ್ರ ತಪ್ಪಿಸಲಿಲ್ಲ.