ಅವನ ಮಾತು ಅವನೇ ಮುಗಿಸಲಿ

"ಹನ್ನೊಂದು ಗಂಟೆಗೆ ಅಪಾಯಿಂಟ್‌ಮೆಂಟ್ ಇದೆ ಅಂತ ತಾನೇ ನೀವು ಹೇಳೋಕೆ ಹೊರಟಿದ್ದು?"

ಕ್ಲಿನಿಕ್ಕಿನ ಕೌಂಟರ್ ಮುಂದೆ ತಡವರಿಸುತ್ತಿದ್ದವನು ಹಿಂತಿರುಗಿ ನೋಡಿದ. ಕಿವಿಯವರೆಗೂ ಕೆಂಪಾಗಿದ್ದ.

"ನ... ನನ್ನ ಮಾತು ನಾ... ನಾನೇ ಮುಗಿಸ್ತೀನಿ."

ಸಾಲಿನಲ್ಲಿ ಅವನ ಹಿಂದೆ ನಿಂತು ಬಾಯಿ ಹಾಕಿದ್ದ ಅವಳಿಗೆ ನೆಲ ಬಾಯ್ಬಿಡಬಾರದೇ ಎನ್ನಿಸಿತು. ಉಗ್ಗಿನ ಚಿಕಿತ್ಸೆಗೆ ಬಂದವನ ಬಾಯಿಂದಲೇ ಮಾತು ಕಸಿದಿದ್ದಳಲ್ಲ ಮಹರಾಯ್ತಿ! ಬೇಕೆಂದು ಮಾಡಿದ್ದಲ್ಲ. ಎದುರಿನವರು ಕ್ಷಣ ತಡೆದರೂ ಸಾಕು, ಅವಳ ನಾಲಗೆ ತಾನಾಗಿ ಮುಂದೆ ಓಡುತ್ತಿತ್ತು.

ಅವಳು ಟೈಲರ್. ಬಾಯಿ ತೆರೆದರೆ ಅರಳು ಹುರಿದ ಹಾಗೆ ಮಾತು, ಅದಕ್ಕೇ ಅಕ್ಕ ಇಟ್ಟ ಹೆಸರು ಚಿಟಪಟ. ಒಂದು ಅಂಗಿಗೆ ಒಂದೇ ತೋಳು ಹೊಲಿದು ಇನ್ನೊಂದು ಅಂಗಿಗೆ ಬಟ್ಟೆ ಕತ್ತರಿಸುವವಳು. ಕಳೆದುಹೋದ ಕತ್ತರಿ ಸಂಜೆ ಫ್ರಿಜ್ಜಿನಲ್ಲಿ ಸಿಗುತ್ತಿತ್ತು. "ತಲೆ ಎಲ್ಲಿಟ್ಟಿದ್ದೀಯ?" ಎಂದು ಬೈಸಿಕೊಂಡೇ ಇಪ್ಪತ್ತೊಂಬತ್ತು ವರ್ಷ ಕಳೆದ ಮೇಲೆ, ಇದು ಕೊಬ್ಬಲ್ಲ, ಸೋಮಾರಿತನವಲ್ಲ, ಗಮನ ಒಂದೆಡೆ ನಿಲ್ಲದ ಈ ತೊಂದರೆಗೆ ಎಡಿಎಚ್‌ಡಿ ಎನ್ನುತ್ತಾರೆ ಎಂದು ಗೊತ್ತಾಗಿತ್ತು.

ಅದೇ ಕ್ಲಿನಿಕ್ಕಿನ ಥೆರಪಿಸ್ಟ್ ಮೇಡಂ ಅವಳ ಕೈಗೆ ಅವಳದೇ ಹೊಲಿಗೆ ಡಬ್ಬಿಯ ಒಂದು ದೊಡ್ಡ ಗುಂಡಿ ಕೊಟ್ಟಿದ್ದರು. "ಮಾತು ನುಗ್ಗಿ ಬಂದಾಗ ಇದನ್ನ ಒತ್ತಿ ಹಿಡೀರಿ. ಎದುರಿನವರು ಮುಗಿಸಿ ನಿಮ್ಮ ಮುಖ ನೋಡೋವರೆಗೂ ಬಿಡಬೇಡಿ."

ಮುಂದಿನ ಮಂಗಳವಾರ ಅವಳು ಅವನ ಕ್ಷಮೆ ಕೇಳಿದಳು. ಅದರ ಮುಂದಿನ ವಾರ ಅವನೇ ಬೆಂಚಿನ ಮೇಲೆ ಜಾಗ ಮಾಡಿಕೊಟ್ಟ. ಅವನದು ಕನ್ನಡಕದ ಅಂಗಡಿ. ನಿಧಾನವಾಗಿ ಮಾತಾಡುತ್ತಿದ್ದ, ಅವಳು ಗುಂಡಿ ಒತ್ತುತ್ತಿದ್ದಳು. ಒಮ್ಮೊಮ್ಮೆ ಸೋಲುತ್ತಿದ್ದಳು, ಆಗ ಇಬ್ಬರೂ ನಗುತ್ತಿದ್ದರು. ಹೀಗೆ ಹನ್ನೆರಡು ಮಂಗಳವಾರ. ಯಾವುದರಲ್ಲೂ ನೆಲೆ ನಿಲ್ಲದ ಅವಳ ಮನಸ್ಸು ಅವನಲ್ಲಿ ಮಾತ್ರ ನಿಂತುಬಿಟ್ಟಿತ್ತು.

ಹದಿಮೂರನೆಯ ಮಂಗಳವಾರ ಅವನ ಮುಖ ಬಿಗಿದುಕೊಂಡಿತ್ತು.

"ಮುಂ... ಮುಂದಿನ ವಾರದಿಂದ ನಾನು ಇಲ್ಲಿಗೆ ಬ... ಬ..."

ಗುಂಡಿ ಬ್ಯಾಗಿನಲ್ಲೇ ಇತ್ತು.

"ಬರಲ್ಲ! ನನ್ನ ಕಾಟ ಸಾಕಾಯ್ತು, ಅಷ್ಟೇ ತಾನೇ? ಎಲ್ಲರಿಗೂ ಸಾಕಾಗತ್ತೆ ಬಿಡಿ."

ಎದ್ದು ನಡೆದೇಬಿಟ್ಟಳು.

ಆಮೇಲೆ ಮೂರು ಮಂಗಳವಾರ ಬೆಂಚು ಖಾಲಿ. ಅವಳಿಗೆ ಊಟ ಸೇರಲಿಲ್ಲ. ಫೋನ್ ಸದ್ದಾದರೆ ಎದೆ ಧಸಕ್ ಎನ್ನುತ್ತಿತ್ತು, ಆಗದಿದ್ದರೆ ಇನ್ನೂ ಭಯ. 'ನನ್ನ ಬಾಯೇ ನನಗೆ ಶತ್ರು... ಇನ್ನು ಅವರು ಸಿಗೋದಿಲ್ಲ.'

ಮೇಡಂ ಮುಂದೆ ಅತ್ತುಬಿಟ್ಟಳು. ಅವರು ಒಂದು ಹಾಳೆ ಕೊಟ್ಟು ನಡುವೆ ಗೆರೆ ಎಳೆದರು.

"ಈ ಕಡೆ ಅವರು ಹೇಳಿದ್ದು. ಆ ಕಡೆ ನೀವು ಸೇರಿಸಿದ್ದು. ಬರೀರಿ."

ಬರೆದಳು. ಅವನ ಕಡೆ ಒಂದೇ ಸಾಲು, ಅದೂ 'ಬ' ಎಂಬಲ್ಲಿಗೆ ನಿಂತಿತ್ತು. ಕಾಟ, ಸಾಕು, ಎಲ್ಲರೂ... ಉಳಿದದ್ದೆಲ್ಲ ಅವಳ ಕಡೆ.

"ಅಯ್ಯೋ, ಅವರು ಇಷ್ಟೇನಾ ಹೇಳಿದ್ದು?"

"ಉಳಿದದ್ದು ಯಾರ ದನಿ?"

ಅವಳು ತನ್ನ ಕಡೆಯ ಸಾಲುಗಳ ಮೇಲೆ ಬೆರಳಾಡಿಸಿದಳು. "ಚಿಕ್ಕಂದಿನಿಂದ ಬೈಸ್ಕೊಂಡಿದ್ದು ಮೇಡಂ. ಅವರದಲ್ಲ."

ಸಂಜೆ ಗುಂಡಿಯನ್ನು ಅಂಗೈಯಲ್ಲಿ ಹಿಡಿದುಕೊಂಡೇ ಅವನ ಕನ್ನಡಕದ ಅಂಗಡಿಯ ಬಾಗಿಲು ತಳ್ಳಿದಳು. ಅವನು ಗಾಜು ಒರೆಸುತ್ತಿದ್ದ, ಅವಳನ್ನು ಕಂಡು ಬಟ್ಟೆ ಕೈಬಿಟ್ಟ.

"ಆವತ್ತು ನಿಮ್ಮ ಮಾತು ನಾನು ಮುಗಿಸಿದೆ, ತಪ್ಪಾಯ್ತು. ಈಗ ನೀವೇ ಮುಗಿಸಿ. ಏನೇ ಇರಲಿ, ಕೇಳ್ತೀನಿ."

ಅವನು ಆವತ್ತಿನ ಮಾತನ್ನೇ ಮೊದಲಿಂದ ಶುರು ಮಾಡಿದ.

"ಮುಂ... ಮುಂದಿನ ವಾರದಿಂದ ನಾನು ಇಲ್ಲಿಗೆ ಬ... ಬ... ಬರಲ್ಲ."

'ನೋಡು, ಹೇಳೇಬಿಟ್ಟರು!' ಅವಳ ನಾಲಗೆ ತುದಿಗೆ ಹತ್ತು ಉತ್ತರ ಬಂದವು. ಗುಂಡಿಯನ್ನು ಬೆರಳು ನೋಯುವಷ್ಟು ಒತ್ತಿದಳು. ಅವನ ತುಟಿ ಅದುರಿತು, ನಿಂತಿತು, ಮತ್ತೆ ಅದುರಿತು. ಅವನಿನ್ನೂ ಮಾತು ಮುಗಿಸಿ ಅವಳ ಮುಖ ನೋಡಿರಲಿಲ್ಲ. ಕಾದಳು.

"ನನ್ನ ಥೆ... ಥೆರಪಿ ಮುಗೀತು. ಇನ್ನು ನಿಮ್ಮನ್ನ ನೋಡೋಕೆ ನೆಪ ಇಲ್ಲ. ಅದಕ್ಕೇ ಕೇ... ಕೇಳ್ತಿದ್ದೀನಿ, ನನ್ನ ಮ... ಮದುವೆ ಆಗ್ತೀರಾ?"

ಈಗ ನೋಡಿದ.

"ಎರಡು ತಿಂಗಳು ಪ್ರಾ... ಪ್ರಾಕ್ಟೀಸ್ ಮಾಡಿದ್ದೆ. ನೀವು ಅರ್ಧಕ್ಕೇ ಎದ್ದು ಹೋದ್ರಿ. ಇಷ್ಟ ಇಲ್ಲ ಅಂದ್ಕೊಂಡೆ."

ಚಿಟಪಟ ಕಣ್ಣೊರೆಸಿಕೊಂಡಳು. ಒರೆಸಿದಷ್ಟೂ ಕಣ್ಣೀರು ಇಳಿಯುತ್ತಿತ್ತು. ಅವನು ಅವಸರ ಮಾಡಲಿಲ್ಲ.

"ಆಗ್ತೀನಿ," ಎಂದಳು ಕೊನೆಗೆ. "ಆದ್ರೆ ನಾನು ಪೂರ್ತಿ ಸರಿ ಹೋಗಿಲ್ಲ ಕಣ್ರೀ. ನಾಳೆ ಮತ್ತೆ ಮಧ್ಯದಲ್ಲಿ ಬಾಯಿ ಹಾಕಿದ್ರೆ?"

ಅವನು ಗುಂಡಿ ಹಿಡಿದ ಅವಳ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡ.

"ಮ... ಮತ್ತೆ ಮೊದಲಿಂದ ಹೇಳ್ತೀನಿ."